ಮನೆಯಲ್ಲಿ ಇಬ್ಬರೇ ಇದ್ದಾಗ ಕೂಸು ಸಾಕುವುದು

ಆರು ವಾರದ ಕೂಸು ಸಂಜೆಯಾದರೆ ಸಾಕು ರಚ್ಚೆ ಹಿಡಿಯುತ್ತದೆ, ಅತ್ತೆ ವಾಪಸ್ ಹೋದರು, ಸೋಮವಾರದಿಂದ ಗಂಡನಿಗೂ ಆಫೀಸು, ಒಬ್ಬಳೇ ಹೇಗೆ ನಿಭಾಯಿಸಲಿ ಅಂತ ಕೇಳಿದ್ದೀರಿ. ನಿಮ್ಮ ಪ್ರಶ್ನೆಯ ಕೆಳಗೆ ಆಗಲೇ ಇಪ್ಪತ್ತು ಜನ ಇಪ್ಪತ್ತು ಥರ ಬರೆದಿದ್ದಾರೆ, ಅದರಲ್ಲಿ ಅರ್ಧ ಒಂದಕ್ಕೊಂದು ತದ್ವಿರುದ್ಧ. ನಾನು ಇಪ್ಪತ್ತೊಂದನೆಯವನು. ಮಗಳಿಗೆ ಏಳು ವರ್ಷ, ಮಗನಿಗೆ ಎರಡೂವರೆ. ಮೊದಲನೆಯವಳು ಹುಟ್ಟಿದಾಗ ಎಲ್ಲರ ಮಾತೂ ಕೇಳಿ ಸುಸ್ತಾದೆವು. ಎರಡನೆಯವನ ಹೊತ್ತಿಗೆ ಒಂದು ತೀರ್ಮಾನಕ್ಕೆ ಬಂದೆವು. ಜೀವಕ್ಕೆ ಸಂಬಂಧಪಟ್ಟ ನಾಲ್ಕೈದು ವಿಷಯದಲ್ಲಿ ಮಾತ್ರ ಕಟ್ಟುನಿಟ್ಟು, ಮಿಕ್ಕಿದ್ದೆಲ್ಲ ಹೇಗೋ ನಡೆಯಲಿ ಅಂತ. ನಮ್ಮ ಹಾಗೆ ಹೊರದೇಶದಲ್ಲಿದ್ದು ಹಿರಿಯರು ಹತ್ತಿರ ಇಲ್ಲದಿದ್ದಾಗ ಎಲ್ಲದರಲ್ಲೂ ಕಟ್ಟುನಿಟ್ಟಾಗಿರುವಷ್ಟು ಶಕ್ತಿ ಇಬ್ಬರಿಗೆ ಇರುವುದಿಲ್ಲ.

ಮೊದಲು ಅಳುವಿನ ವಿಷಯ. ನೀವು ಏನೂ ತಪ್ಪು ಮಾಡುತ್ತಿಲ್ಲ. ಎರಡನೇ ವಾರದಿಂದ ಅಳು ಏರುತ್ತಾ ಹೋಗಿ ಸುಮಾರು ಆರರಿಂದ ಎಂಟನೇ ವಾರದಲ್ಲಿ ತುದಿ ಮುಟ್ಟುತ್ತದೆ, ಮೂರು ನಾಲ್ಕು ತಿಂಗಳ ಹೊತ್ತಿಗೆ ತಾನಾಗಿ ಇಳಿಯುತ್ತದೆ. ಅದರಲ್ಲೂ ಸಂಜೆಯ ಹೊತ್ತೇ ಜಾಸ್ತಿ. ಹಸಿವಾ, ಡೈಪರ್ ಒದ್ದೆಯಾ, ತೇಗು ಬಂದಿಲ್ಲವಾ, ಸೆಕೆಯಾ, ಮೈ ಬಿಸಿ ಇದೆಯಾ ನೋಡಿ. ಇನ್ನೊಂದು ಯಾರೂ ಹೇಳದ್ದು: ಕಾಲ್ಚೀಲ ಬಿಚ್ಚಿ ಬೆರಳುಗಳನ್ನು ಒಂದೊಂದಾಗಿ ನೋಡಿ. ಹೆರಿಗೆಯಾದ ಕೆಲವು ತಿಂಗಳು ಬಾಣಂತಿಯ ಕೂದಲು ಉದುರುವುದು ಜಾಸ್ತಿ, ಒಂದೇ ಒಂದು ಎಳೆ ಕೂದಲು ಕಾಲ್ಬೆರಳಿಗೆ ಸುತ್ತಿಕೊಂಡು ಬಿಗಿದರೂ ಮಗು ಒಂದೇ ಸಮನೆ ಅಳುತ್ತದೆ, ಬೆರಳು ಊದಿಕೊಳ್ಳುತ್ತದೆ. ಸುಲಭವಾಗಿ ಬಿಡಿಸಲು ಬರದಿದ್ದರೆ ತಡಮಾಡದೆ ಡಾಕ್ಟರ ಹತ್ತಿರ ಓಡಬೇಕು.

ಇದೆಲ್ಲ ಸರಿ ಇದ್ದೂ ಅಳುತ್ತಿದ್ದರೆ ಎತ್ತಿಕೊಂಡು ಓಡಾಡಿ. ಎತ್ತಿಕೊಂಡರೆ ಅಭ್ಯಾಸವಾಗುತ್ತದೆ ಅನ್ನುವವರ ಮಾತನ್ನು ಆ ಕಿವಿಯಲ್ಲಿ ಕೇಳಿ ಈ ಕಿವಿಯಲ್ಲಿ ಬಿಡಿ. ಆದರೆ ನಿಮ್ಮ ತಲೆಯೇ ಕಾದು ಕೆಂಡವಾಗಿದೆ ಅನ್ನಿಸಿದ ಕ್ಷಣ ಮಗುವನ್ನು ತೊಟ್ಟಿಲಲ್ಲಿ ಅಂಗಾತ ಮಲಗಿಸಿ, ಬಾಗಿಲು ಎಳೆದುಕೊಂಡು ಪಕ್ಕದ ಕೋಣೆಗೆ ಹೋಗಿ. ಹತ್ತು ನಿಮಿಷ ಅತ್ತರೆ ಮಗುವಿಗೆ ಏನೂ ಆಗುವುದಿಲ್ಲ. ಸಿಟ್ಟಿನಲ್ಲಿ ಒಮ್ಮೆ ಹಿಡಿದು ಅಲ್ಲಾಡಿಸಿದರೆ ಮೆದುಳಿನಲ್ಲಿ ರಕ್ತಸ್ರಾವ ಆಗಬಹುದು, ಅದು ಸರಿಹೋಗುವಂಥದ್ದಲ್ಲ. ನಾನೇ ಎಷ್ಟೋ ಸಲ ಬಚ್ಚಲಿಗೆ ಹೋಗಿ, ನಲ್ಲಿ ಜೋರಾಗಿ ಬಿಟ್ಟು, ಗೋಡೆಗೆ ಹಣೆ ಒತ್ತಿ ನಿಂತಿದ್ದೇನೆ. ನಾಚಿಕೆ ಪಡುವಂಥದ್ದು ಏನಿಲ್ಲ ಅದರಲ್ಲಿ.

ಮಲಗಿಸುವುದು ನಮ್ಮ ಕಟ್ಟುನಿಟ್ಟಿನ ಪಟ್ಟಿಯಲ್ಲಿ ಮೊದಲನೆಯದು. ಯಾವಾಗಲೂ ಅಂಗಾತ, ಗಟ್ಟಿಯಾದ ಸಪಾಟು ಹಾಸಿಗೆ, ದಿಂಬಿಲ್ಲ, ದಪ್ಪ ಹೊದಿಕೆ ಇಲ್ಲ, ಗೊಂಬೆ ಇಲ್ಲ. ಮೊದಲ ಆರು ತಿಂಗಳಾದರೂ ನಿಮ್ಮದೇ ಕೋಣೆಯಲ್ಲಿ, ಆದರೆ ಅದರದ್ದೇ ಹಾಸಿಗೆಯಲ್ಲಿ. ಮೇಲಿನ ಉತ್ತರಗಳಲ್ಲಿ ಒಬ್ಬರು, ನಮ್ಮನ್ನೆಲ್ಲ ಕವುಚಿ ಮಲಗಿಸಿಯೇ ಬೆಳೆಸಿದ್ದು, ನಾವೇನು ಸತ್ತೆವಾ ಅಂದಿದ್ದಾರೆ. ಸಾಯದವರು ತಾನೇ ಇಲ್ಲಿ ಬಂದು ಹಾಗೆ ಬರೆಯಲು ಸಾಧ್ಯ? ಅಂಗಾತ ಮಲಗಿಸಿ ಅಂತ ಬ್ರಿಟನ್ನಿನಲ್ಲಿ 1991ರಲ್ಲಿ, ಅಮೆರಿಕದಲ್ಲಿ 1994ರಲ್ಲಿ ದೊಡ್ಡ ಪ್ರಚಾರ ಶುರುವಾಯಿತು. ಅದಾದ ಕೆಲವೇ ವರ್ಷಗಳಲ್ಲಿ ನಿದ್ದೆಯಲ್ಲಿ ಕಾರಣವಿಲ್ಲದೆ ಸಾಯುವ ಕೂಸುಗಳ ಸಂಖ್ಯೆ ಎರಡೂ ಕಡೆ ಅರ್ಧಕ್ಕೆ ಇಳಿಯಿತು. ಮುಂದೆ ಮಗು ತಾನೇ ಮಗುಚಿಕೊಂಡು ತಾನೇ ವಾಪಸ್ ತಿರುಗುವುದನ್ನು ಕಲಿತ ಮೇಲೆ ರಾತ್ರಿಯಿಡೀ ಕೂತು ತಿರುಗಿಸಬೇಕಾಗಿಲ್ಲ. ಮಲಗಿಸುವಾಗ ಅಂಗಾತ ಮಲಗಿಸಿದರೆ ಸಾಕು.

ಎಲ್ಲಕ್ಕಿಂತ ಅಪಾಯ ಸೋಫಾ. ರಾತ್ರಿ ಮೂರು ಗಂಟೆಗೆ ಹಾಲು ಕುಡಿಸುತ್ತಾ ಸೋಫಾದ ಮೇಲೆ ಕೂತಲ್ಲೇ ತೂಕಡಿಸಿದರೆ ಮಗು ಕುಶನ್ ಸಂದಿಗೆ ಜಾರುತ್ತದೆ. ನಿದ್ದೆ ಬರುತ್ತದೆ ಅನ್ನಿಸಿದರೆ ಗಂಡನನ್ನು ಎಬ್ಬಿಸಿ. ಸಂಕೋಚ ಬೇಡ.

ಈಗ ಗಂಡಂದಿರಿಗೆ ಒಂದು ಮಾತು. "ಏನಾದ್ರೂ ಹೆಲ್ಪ್ ಬೇಕಾದ್ರೆ ಹೇಳು" ಅನ್ನುವುದು ಸಹಾಯ ಅಲ್ಲ, ಅದು ಅವಳಿಗೆ ಇನ್ನೊಂದು ಕೆಲಸ. ನಾವು ರಾತ್ರಿಯನ್ನು ಎರಡು ಪಾಳಿ ಮಾಡಿಕೊಂಡೆವು. ಒಂಬತ್ತರಿಂದ ಎರಡರವರೆಗೆ ನನ್ನದು, ಆಮೇಲೆ ಬೆಳಿಗ್ಗೆವರೆಗೆ ಅವಳದ್ದು. ನನ್ನ ಪಾಳಿಯಲ್ಲಿ ಅವಳು ಬೇರೆ ಕೋಣೆಯಲ್ಲಿ ಮಲಗುತ್ತಿದ್ದಳು. ಹಾಲೂಡಿಸುವುದು ಸರಿಹೋದ ಮೇಲೆ ಹಿಂಡಿಟ್ಟ ಎದೆಹಾಲನ್ನು ಬಾಟಲಿಯಲ್ಲಿ ಕೊಡುತ್ತಿದ್ದೆ. ಫಾರ್ಮುಲಾ ಕೊಡುವವರಿಗೆ ಇದು ಇನ್ನೂ ಸುಲಭ. ಬಾಟಲಿಯೇ ಬೇಡ ಅನ್ನುವವರಲ್ಲಿ ಅಪ್ಪ ಮಗುವನ್ನು ಅಮ್ಮನ ಪಕ್ಕಕ್ಕೆ ತಂದುಕೊಟ್ಟು, ಕುಡಿದಾದ ಮೇಲೆ ಎತ್ತಿಕೊಂಡು ಹೋಗಿ ತೇಗಿಸಿ, ಡೈಪರ್ ಬದಲಿಸಿ, ಮಲಗಿಸಬಹುದು. ಬಾಣಂತಿಗೆ ಮಧ್ಯೆ ಎಚ್ಚರವಾಗದ ನಾಲ್ಕು ಗಂಟೆ ನಿದ್ದೆ ಸಿಕ್ಕರೆ ಮನೆಯ ಹವಾಮಾನವೇ ಬದಲಾಗುತ್ತದೆ, ಇದು ನಾನು ಕಣ್ಣಾರೆ ಕಂಡದ್ದು.

ಹಾಲು ಸಾಕಾಗುತ್ತಿದೆಯೋ ಇಲ್ಲವೋ ಅನ್ನುವ ಚಿಂತೆ ಎಲ್ಲರಿಗೂ ಇರುತ್ತದೆ. ಎಳೆ ಕೂಸು ದಿನಕ್ಕೆ 8ರಿಂದ 12 ಸಲ ಕುಡಿಯುವುದು ಮಾಮೂಲು. ಐದನೇ ದಿನದಿಂದ ಈಚೆಗೆ ದಿನಕ್ಕೆ ಆರಾದರೂ ಡೈಪರ್ ಚೆನ್ನಾಗಿ ಒದ್ದೆಯಾಗುತ್ತಿದ್ದು, ತೂಕ ಏರುತ್ತಿದ್ದರೆ ಸಾಕಾಗುತ್ತಿದೆ ಅಂತಲೇ ಅರ್ಥ. ಹುಟ್ಟಿದ ಮೊದಲ ದಿನಗಳಲ್ಲಿ ತೂಕ ಸ್ವಲ್ಪ ಇಳಿದು ಎರಡು ವಾರದ ಹೊತ್ತಿಗೆ ಮತ್ತೆ ಮೊದಲಿನಷ್ಟಾಗುತ್ತದೆ. ಅದಕ್ಕೆ ಮನೆಯಲ್ಲಿ ತಕ್ಕಡಿ ತಂದಿಟ್ಟುಕೊಳ್ಳಬೇಡಿ. ನಾವು ತಂದಿದ್ದೆವು, ದಿನಕ್ಕೆ ಮೂರು ಸಲ ತೂಗಿ ಮೂರು ಸಲ ಜಗಳವಾಡುತ್ತಿದ್ದೆವು.

ಜ್ವರದ ಬಗ್ಗೆ ಒಂದು ಅಂಕಿ ಬಾಯಿಪಾಠ ಮಾಡಿ. ಮೂರು ತಿಂಗಳೊಳಗಿನ ಕೂಸಿಗೆ 38 ಡಿಗ್ರಿ ಸೆಲ್ಸಿಯಸ್, ಅಂದರೆ ಫ್ಯಾರನ್‌ಹೀಟಿನಲ್ಲಿ 100.4, ಅಷ್ಟು ಮುಟ್ಟಿದರೆ ಅಥವಾ ಅದಕ್ಕಿಂತ ಮೇಲೆ ಹೋದರೆ ಬೆಳಗಾಗಲಿ ಅಂತ ಕಾಯಬಾರದು. ಮನೆಯಲ್ಲಿ ಔಷಧಿಯನ್ನೂ ಕೊಡಬಾರದು, ನೇರ ಡಾಕ್ಟರ ಹತ್ತಿರ. ದೊಡ್ಡ ಮಕ್ಕಳಲ್ಲಿ ಅಂಕಿಗಿಂತ ಮಗು ಹೇಗಿದೆ ಅನ್ನುವುದು ಮುಖ್ಯ. ಕುಡಿಯುತ್ತಿದೆಯಾ, ಒದ್ದೆ ಮಾಡುತ್ತಿದೆಯಾ, ಕರೆದರೆ ನೋಡುತ್ತದಾ, ಉಸಿರಾಟ ಸಲೀಸಾಗಿದೆಯಾ.

ಇಲ್ಲಿ ನಮ್ಮ ಮನೆಯ ಒಂದು ಎಡವಟ್ಟು ಹೇಳಬೇಕು. ಮಗಳಿಗೆ ಹತ್ತು ತಿಂಗಳಿದ್ದಾಗ ಜ್ವರ. ರಾತ್ರಿ ಎರಡಕ್ಕೆ ನಾನು ಪ್ಯಾರಾಸಿಟಮಾಲ್ ಕೊಟ್ಟು ಮಲಗಿದೆ. ಮೂರೂಮುಕ್ಕಾಲಿಗೆ ಹೆಂಡತಿ ಎದ್ದು, ಮೈ ಮುಟ್ಟಿ ನೋಡಿ, ನಿದ್ದೆಗಣ್ಣಲ್ಲೇ ಮತ್ತೊಂದು ಡೋಸ್ ಕೊಟ್ಟಳು. ಬೆಳಿಗ್ಗೆ ಸಿಂಕಿನಲ್ಲಿ ಎರಡು ಸಿರಿಂಜ್ ನೋಡಿದಾಗ ಇಬ್ಬರಿಗೂ ಕೈಕಾಲು ತಣ್ಣಗಾಯಿತು. ಸಹಾಯವಾಣಿಗೆ ಫೋನ್ ಮಾಡಿದೆವು. ಮಗುವಿನ ತೂಕ ಎಷ್ಟು, ಎಷ್ಟು ಮಿಲಿಗ್ರಾಂ, ಎಷ್ಟು ಹೊತ್ತಿಗೆ ಅಂತ ಕೇಳಿ ಲೆಕ್ಕ ಹಾಕಿ, ಈ ಸಲ ಪರವಾಗಿಲ್ಲ, ನಾವು ಹೇಳುವವರೆಗೆ ಇನ್ನು ಕೊಡಬೇಡಿ ಅಂದರು. ಅವತ್ತಿನಿಂದ ಫ್ರಿಜ್ಜಿನ ಬಾಗಿಲಿಗೆ ಒಂದು ಹಾಳೆ, ಅದರ ಪಕ್ಕ ದಾರ ಕಟ್ಟಿದ ಪೆನ್ಸಿಲ್. ಔಷಧಿ ಕೊಟ್ಟವರು ಮುಚ್ಚಳ ಹಾಕುವ ಮೊದಲು ಹೊತ್ತು ಬರೆಯಬೇಕು. ಆ್ಯಪ್‌ಗಳು ಬೇಕಾದಷ್ಟು ಇವೆ, ಗೊತ್ತು. ಆದರೆ ಕತ್ತಲಲ್ಲಿ ಒಂದು ಕೈಯಲ್ಲಿ ಅಳುವ ಮಗು ಹಿಡಿದು ಫೋನ್ ಹುಡುಕುವುದಕ್ಕಿಂತ ಪೆನ್ಸಿಲ್ ವಾಸಿ.

ಅದರ ಜೊತೆಗೇ ಇನ್ನೊಂದು. ಪ್ಯಾರಾಸಿಟಮಾಲ್ ಡೋಸ್ ಬಗ್ಗೆ ಡಾಕ್ಟರು ಹೇಳುವಾಗ ಚಮಚದ ಲೆಕ್ಕ ಬೇಡ, ಮಗುವಿನ ತೂಕಕ್ಕೆ ಎಷ್ಟು ಮಿಲಿಗ್ರಾಂ ಅಂತ ಕೇಳಿ ಬರೆದಿಟ್ಟುಕೊಳ್ಳಿ. ಯಾಕೆಂದರೆ ಒಂದು ದೇಶದ ಬಾಟಲಿ ಇನ್ನೊಂದು ದೇಶದ್ದರಂತೆ ಇರುವುದಿಲ್ಲ. 5 ಮಿಲಿಲೀಟರಿಗೆ 120 ಮಿಲಿಗ್ರಾಂ ಇರುವುದೂ ಇದೆ, 160 ಇರುವುದೂ ಇದೆ, 250 ಇರುವುದೂ ಇದೆ. ಡ್ರಾಪ್ಸ್ ಬಾಟಲಿಯಲ್ಲಂತೂ ಒಂದೇ ಮಿಲಿಲೀಟರಿಗೆ 100 ಇರುವುದೂ ಇದೆ. ನಮ್ಮಂಥವರ ಮನೆಯಲ್ಲಿ ಎರಡು ದೇಶದ ಬಾಟಲಿ ಒಂದೇ ಡಬ್ಬಿಯಲ್ಲಿ ಕೂತಿರುತ್ತವೆ, ಅಲ್ವಾ? ಒಂದನ್ನು ಎಸೆಯಿರಿ.

ಆರು ತಿಂಗಳಾದ ಮೇಲೆ ಊಟ ಶುರುವಾಗುತ್ತದೆ, ಅದರ ಬಗ್ಗೆ ಈಗಲೇ ತಲೆ ಕೆಡಿಸಿಕೊಳ್ಳಬೇಡಿ. ಅಲ್ಲಿಯವರೆಗೆ ಹಾಲೇ ಸಾಕು, ನೀರೂ ಬೇಡ. ಒಂದು ವರ್ಷದವರೆಗೆ ಜೇನುತುಪ್ಪ ನೆಕ್ಕಿಸಲೇಬಾರದು, ಅದರಲ್ಲಿರಬಹುದಾದ ಒಂದು ಬ್ಯಾಕ್ಟೀರಿಯಾ ಎಳೆ ಕರುಳಿನಲ್ಲಿ ಬೆಳೆದು ವಿಷ ಮಾಡುತ್ತದೆ, ದೊಡ್ಡವರಿಗೆ ಏನೂ ಆಗುವುದಿಲ್ಲ. ಮುಂದೆ ದ್ರಾಕ್ಷಿ ಕೊಡುವಾಗ ಉದ್ದಕ್ಕೆ ನಾಲ್ಕು ಸೀಳಾಗಿ ಕತ್ತರಿಸಿ. ಗುಂಡಗಿರುವುದು, ಜಾರುವುದು, ಎರಡೂ ಸೇರಿದರೆ ಗಂಟಲಿಗೆ ಬಿರಡೆ ಹಾಕಿದ ಹಾಗೆ. ಎಷ್ಟು ತಿಂದಿತು ಅನ್ನುವುದು ನಮ್ಮ ಸಡಿಲ ಪಟ್ಟಿಯಲ್ಲಿತ್ತು. ಏನು ಕೊಡಬೇಕು ಅನ್ನುವುದು ನಮ್ಮ ಕೈಯಲ್ಲಿ, ಎಷ್ಟು ತಿನ್ನಬೇಕು ಅನ್ನುವುದು ಅದರ ಹೊಟ್ಟೆಗೆ ಬಿಟ್ಟದ್ದು. ಅಟ್ಟಿಸಿಕೊಂಡು ಹೋಗಿ ತಿನ್ನಿಸುವುದನ್ನು ಮೊದಲನೆಯವಳಿಗೆ ಒಂದು ವರ್ಷ ಮಾಡಿದೆವು, ಅವಳೇನೂ ಅದರಿಂದ ದಪ್ಪಗಾಗಲಿಲ್ಲ, ನಾವು ತೆಳ್ಳಗಾದೆವು.

ಅಂಬೆಗಾಲು ಶುರುವಾದ ದಿನ ನೀವೂ ಮಂಡಿಯೂರಿ ಮನೆಯೆಲ್ಲ ಒಂದು ಸುತ್ತು ಹಾಕಿ. ನಿಂತಾಗ ಕಾಣದ್ದು ಆಗ ಕಾಣುತ್ತದೆ. ನನಗೆ ಟಿವಿ ಸ್ಟ್ಯಾಂಡಿನ ಕೆಳಗೆ ಗುಂಡಿಯಂಥ ಚಪ್ಪಟೆ ಗುಂಡು ಬ್ಯಾಟರಿಯೊಂದು ಸಿಕ್ಕಿತು, ಯಾವುದೋ ಹಳೇ ರಿಮೋಟಿನದ್ದು. ನುಂಗಿದ ಗುಂಡು ಬ್ಯಾಟರಿ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಯಲ್ಲಿ ಸುಟ್ಟು ಗಾಯ ಮಾಡುತ್ತದೆ. ನುಂಗಿರಬಹುದು ಅನ್ನುವ ಅನುಮಾನ ಬಂದರೂ ಸಾಕು, ನೇರ ಎಮರ್ಜೆನ್ಸಿಗೆ. ಬಿಸಿ ಕಾಫಿ ಲೋಟ ಮೇಜಿನ ಅಂಚಿನಲ್ಲಿ ಬೇಡ. ಸುಟ್ಟರೆ 20 ನಿಮಿಷ ಹರಿಯುವ ತಣ್ಣೀರು, ಐಸ್ ಅಲ್ಲ, ಟೂತ್‌ಪೇಸ್ಟ್ ಅಂತೂ ಅಲ್ಲವೇ ಅಲ್ಲ. ಸ್ನಾನಕ್ಕೆ ಮೊದಲು ತಣ್ಣೀರು ಬಿಟ್ಟು ಆಮೇಲೆ ಬಿಸಿನೀರು ಬೆರೆಸಿ, ಮೊಣಕೈ ಅದ್ದಿ ನೋಡಿ. ದಿನಾ ಸ್ನಾನ ಆಗಲೇಬೇಕು ಅಂತಿಲ್ಲ. ಚಳಿಯಲ್ಲಿ ಕಾರ್ ಸೀಟಿಗೆ ಕೂರಿಸುವಾಗ ಉಬ್ಬಿದ ಜಾಕೆಟ್ ತೆಗೆದು ಬೆಲ್ಟ್ ಬಿಗಿದು, ಅದರ ಮೇಲೆ ಹೊದಿಕೆ ಹೊದಿಸಿ. ಜಾಕೆಟ್ ಮೇಲೆ ಬಿಗಿದ ಬೆಲ್ಟ್ ಬಿಗಿ ಅಂತ ಅನ್ನಿಸುತ್ತದೆ ಅಷ್ಟೇ, ಡಿಕ್ಕಿಯಾದಾಗ ಜಾಕೆಟ್ ಅಪ್ಪಚ್ಚಿಯಾಗಿ ಮಗು ಸಡಿಲಾಗುತ್ತದೆ.

ಕನ್ನಡ ಮಾತಾಡಬೇಕೋ ಬೇಡವೋ ಅಂತ ಇನ್ನೊಬ್ಬರು ಕೇಳಿದ್ದಾರೆ. ಇದು ನನಗೆ ಸ್ವಲ್ಪ ನೋವಿನ ವಿಷಯ. ಮಗಳಿಗೆ ಎರಡು ವರ್ಷ ಆಗುವ ಹೊತ್ತಿಗೆ ಮಾತು ಕಮ್ಮಿ ಇತ್ತು. ಹಗಲು ಅವಳನ್ನು ನೋಡಿಕೊಳ್ಳಲು ಬಿಡುತ್ತಿದ್ದ ಕಡೆ, ಮನೆಯಲ್ಲೂ ಇಲ್ಲಿನ ಭಾಷೆಯೊಂದನ್ನೇ ಮಾತಾಡಿ, ಮಗು ಗೊಂದಲವಾಗಿದೆ ಅಂದರು. ನಾವು ಕೇಳಿಬಿಟ್ಟೆವು. ಎರಡು ತಿಂಗಳು ನಮ್ಮದಲ್ಲದ ಭಾಷೆಯಲ್ಲಿ ಅವಳನ್ನು ಮುದ್ದು ಮಾಡಿದೆವು, ನನಗಂತೂ ಯಾರದೋ ಅಂಗಿ ಹಾಕಿಕೊಂಡ ಹಾಗಿತ್ತು. ಆಮೇಲೆ ಮಕ್ಕಳ ಮಾತಿನ ತಜ್ಞೆಯೊಬ್ಬರು ಹೇಳಿದ್ದು ಬೇರೆಯೇ. ಎರಡು ಭಾಷೆ ಕೇಳುವುದರಿಂದ ಮಾತು ತಡವಾಗುವುದಿಲ್ಲ. ಎರಡು ವರ್ಷಕ್ಕೆ ಸುಮಾರು 50 ಪದ, ಎರಡು ಪದ ಜೋಡಿಸುವುದು ಬಂದಿರಬೇಕು ನಿಜ, ಆದರೆ ಎಣಿಸುವಾಗ ಎರಡೂ ಭಾಷೆಯ ಪದ ಕೂಡಿಸಿ ಎಣಿಸಬೇಕು. ಕೂಡಿಸಿದಾಗ ಅವಳದ್ದು ಹತ್ತಿರ ಹತ್ತಿರ ಅರವತ್ತಿತ್ತು! ಅನುಮಾನ ಇದ್ದರೆ ಮೊದಲು ಕಿವಿ ಪರೀಕ್ಷೆ ಮಾಡಿಸಿ, ಭಾಷೆಯನ್ನು ಬಿಡಬೇಡಿ. ಈಗ "ಅಪ್ಪಾ, ನನ್ನ ಶೂ ಲೇಸ್ ಅನ್‌ಟೈ ಆಗೋಯ್ತು, ಕಟ್ಕೊಡು" ಅನ್ನುತ್ತಾಳೆ. ಬೆರಕೆ ಆದರೇನು, "ಕಟ್ಕೊಡು" ಇದೆಯಲ್ಲ. ನಾನು ತಿದ್ದಲು ಹೋಗುವುದಿಲ್ಲ, "ಲೇಸ್ ಬಿಚ್ಚಿಹೋಯ್ತಾ, ಬಾ ಕಟ್ಟೋಣ" ಅಂತ ಅದನ್ನೇ ಪೂರ್ತಿ ಕನ್ನಡದಲ್ಲಿ ತಿರುಗಿ ಹೇಳುತ್ತೇನೆ.

ಫೋನ್, ಟಿವಿ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ್ದು ಇಷ್ಟು: ಎರಡು ವರ್ಷದವರೆಗೆ ಬೇಡ, ಎರಡರಿಂದ ನಾಲ್ಕರವರೆಗೆ ದಿನಕ್ಕೆ ಒಂದು ಗಂಟೆ ಮೀರದಿರಲಿ. ಅಜ್ಜಿಯ ಜೊತೆ ವಿಡಿಯೋ ಕಾಲ್ ಬೇರೆ ಮಾತು. ಅಲ್ಲಿ ಅಜ್ಜಿ ಸೆರಗು ಮುಖಕ್ಕೆ ಮುಚ್ಚಿ "ಎಲ್ಲಿ ಪಾಪು" ಅನ್ನುತ್ತಾರೆ, ಪಾಪು ನಗುತ್ತದೆ, ಆ ನಗು ನೋಡಿ ಅಜ್ಜಿ ಮತ್ತೆ ಮುಚ್ಚುತ್ತಾರೆ. ಕಾರ್ಟೂನ್ ಹಾಗೆ ಮಗುವಿನ ಮುಖ ನೋಡುವುದಿಲ್ಲ.

ಎರಡು ವರ್ಷದ ಹಟದ ಬಗ್ಗೆ ಬರೆಯುವಷ್ಟು ನಾನು ದೊಡ್ಡವನಲ್ಲ, ಈಗ ಅದರ ನಡುವೆಯೇ ಇದ್ದೇನೆ. ನಿನ್ನೆ ನಾನು ಚಪ್ಪಲಿ ಹಾಕಿಸಿದೆ ಅಂತ ಮಗ ಬಾಗಿಲಲ್ಲಿ ಬಿದ್ದು ಹೊರಳಾಡಿದ. ಅವನೇ ಹಾಕಿಕೊಳ್ಳಬೇಕಿತ್ತಂತೆ. ಬಿಚ್ಚಿ ಕೊಟ್ಟೆ, ಎಡದ್ದು ಬಲಕ್ಕೆ ಬಲದ್ದು ಎಡಕ್ಕೆ ಹಾಕಿಕೊಂಡ, ಹಾಗೇ ಪಾರ್ಕಿಗೆ ಹೋದೆವು. ಕೆಂಪು ಅಂಗಿಯಾ ನೀಲಿಯಾ ಅಂತ ಎರಡು ಕೊಟ್ಟು ಕೇಳುವುದು, ಹೊರಡುವ ಐದು ನಿಮಿಷ ಮೊದಲೇ ಹೇಳುವುದು, ಇವೆರಡರಿಂದ ಅರ್ಧ ಜಗಳ ತಪ್ಪುತ್ತದೆ. ಉಳಿದರ್ಧಕ್ಕೆ ಸುಮ್ನೆ ಪಕ್ಕದಲ್ಲಿ ಕೂರುವುದು.

ಕೊನೆಗೆ ನಿಮ್ಮ ವಿಷಯ. ಹೆರಿಗೆಯಾದ ಮೊದಲ ಎರಡು ವಾರ ಕಾರಣವಿಲ್ಲದೆ ಅಳು ಬರುವುದು ತುಂಬಾ ಜನಕ್ಕೆ ಆಗುತ್ತದೆ. ನಿಮಗೆ ಆರು ವಾರ. ಇನ್ನೂ ದಿನವಿಡೀ ಮನಸ್ಸು ಕುಸಿದಿದ್ದರೆ, ಮಗು ಮಲಗಿದ್ದರೂ ನಿದ್ದೆ ಬರದಿದ್ದರೆ, ಮಗುವನ್ನು ನೋಡಿದರೆ ಏನೂ ಅನ್ನಿಸದಿದ್ದರೆ ಮಗುವಿನ ಡಾಕ್ಟರಿಗೋ ನಿಮ್ಮ ಡಾಕ್ಟರಿಗೋ ಬಾಯಿಬಿಟ್ಟು ಹೇಳಿ. ನನಗೋ ಮಗುವಿಗೋ ಏನಾದರೂ ಮಾಡಿಬಿಡುತ್ತೇನೆ ಅನ್ನುವ ಯೋಚನೆ ಒಮ್ಮೆ ಬಂದರೂ ಅವತ್ತೇ ಹೇಳಿ, ನಾಳೆಗೆ ಇಡಬೇಡಿ. ಇದಕ್ಕೆ ಚಿಕಿತ್ಸೆ ಇದೆ. ಅಪ್ಪಂದಿರಿಗೂ ಇದು ಬರುತ್ತದೆ, ಬಂದವರು ಹೇಳಿಕೊಳ್ಳುವುದು ಕಮ್ಮಿ.

ಸೋಮವಾರ ಬೆಳಿಗ್ಗೆ ಗಂಡ ಹೊರಡುವ ಮುಂಚೆ ನೀವು ಕೂತು ಹಾಲುಣಿಸುವ ಜಾಗದ ಪಕ್ಕ ನೀರಿನ ಬಾಟಲಿ, ಒಂದು ಕೈಯಲ್ಲಿ ತಿನ್ನಬಹುದಾದ ತಿಂಡಿ, ಫೋನ್ ಚಾರ್ಜರ್, ನಾಲ್ಕು ಡೈಪರ್ ಇಟ್ಟು ಹೋಗಲಿ. ನೀವು ಸ್ನಾನ ಮುಗಿಸುವವರೆಗೆ ಮಗು ಅವರ ಕೈಯಲ್ಲಿರಲಿ. ಸಂಜೆ ಬಂದವರು ಕೈ ತೊಳೆದುಕೊಂಡು ಮೊದಲು ಮಗುವನ್ನು ಎತ್ತಿಕೊಳ್ಳಲಿ, ಕಾಫಿ ಆಮೇಲೆ. ಆ ಒಂದು ಗಂಟೆ ಎಷ್ಟೇ ರಚ್ಚೆ ಹಿಡಿದರೂ ಮಗು ಅವರದ್ದು. ನೀವು ಮನೆ ಸುತ್ತ ಒಂದು ಸುತ್ತು ನಡೆದುಬನ್ನಿ. ಮಂಗಳವಾರ ಹೇಗಾಯ್ತು ಅಂತ ಬರೆಯಿರಿ.