ಹಳೆಯ ಸೈಕಲ್‌ಗಳ ಆನ್‌ಲೈನ್ ಮಾರಾಟ: ಲಾಭ ಎಲ್ಲಿ ಸೋರಿಹೋಗುತ್ತಿದೆ?

ಪ್ರಶ್ನೆ: ದಾವಣಗೆರೆಯ ಸವಾರ

ಎಲ್ಲರಿಗೂ ನಮಸ್ಕಾರ. ಒಂದು ವರ್ಷದಿಂದ ನಾನು ಬಳಸಿದ ಸೈಕಲ್‌ಗಳನ್ನು ಕೊಂಡು, ಮನೆಯ ಹಿತ್ತಲಿನಲ್ಲಿ ಸರಿಪಡಿಸಿ, ಆನ್‌ಲೈನ್ ಜಾಹೀರಾತು ಹಾಕಿ ಮಾರುತ್ತಿದ್ದೇನೆ. ಇದುವರೆಗೆ 23 ಸೈಕಲ್‌ಗಳನ್ನು ಮಾರಿದ್ದೇನೆ. 2020ರ ಲಾಕ್‌ಡೌನ್ ಕಾಲದಲ್ಲಿ ಜನ ಮುಗಿಬಿದ್ದು ಕೊಂಡ ಗೇರ್ ಸೈಕಲ್‌ಗಳು ಇಂದು ಎಷ್ಟೋ ಮನೆಗಳ ಮೆಟ್ಟಿಲಿನ ಕೆಳಗೆ ಧೂಳು ಹಿಡಿದು ನಿಂತಿರುವುದರಿಂದ ಮಾಲಿಗೆ ಕೊರತೆಯಿಲ್ಲ. ಕೊರತೆಯಿರುವುದು ಕೈಯಲ್ಲಿ ಉಳಿಯುವ ಹಣಕ್ಕೆ.

ಕಳೆದ ತಿಂಗಳ ಒಂದು ಲೆಕ್ಕ ನೋಡಿ. ಹೊಸದರಲ್ಲಿ 18,000 ರೂಪಾಯಿಯ ಗೇರ್ ಸೈಕಲನ್ನು 5,500ಕ್ಕೆ ತಂದೆ. ಗಾಡಿ ಬಾಡಿಗೆ 400 ಆಯಿತು. ಚೈನು, ಹಿಂದಿನ ಗೇರಿನ ಹಲ್ಲುಚಕ್ರಗಳು, ಬ್ರೇಕ್ ಪ್ಯಾಡ್, ಕೇಬಲ್ ಸೇರಿ 1,850 ಖರ್ಚಾಯಿತು. ಮೂರು ವಾರ ಕಾದು 9,000ಕ್ಕೆ ಮಾರಿದೆ. ಉಳಿದದ್ದು 1,250. ಇದನ್ನು ನೆಚ್ಚಿಕೊಂಡು ಕೆಲಸ ಬಿಡಬಹುದೇ ಎಂದು ಮನೆಯವರು ಕೇಳಿದರೆ ನನ್ನಲ್ಲಿ ಉತ್ತರವಿಲ್ಲ. ಕೊಳ್ಳುವಾಗ ಬೆಲೆಯನ್ನು ಹೇಗೆ ನಿರ್ಧರಿಸಬೇಕು, ಬೇರೆ ಊರಿಗೆ ಕಳುಹಿಸುವುದು ಗಿಟ್ಟುತ್ತದೆಯೇ, ತೆರಿಗೆಯ ವಿಷಯದಲ್ಲಿ ಏನು ಮಾಡಬೇಕು ಎಂಬುದನ್ನು ಅನುಭವವಿದ್ದವರು ದಯವಿಟ್ಟು ತಿಳಿಸಿ. ಬಳಸಿದ ಹೆಲ್ಮೆಟ್‌ಗಳನ್ನೂ ಮಾರಬಹುದೇ?

ಉತ್ತರ 1: ಬೆಂಗಳೂರಿನ ರಿಪೇರಿಗಾರ

ನಿಮ್ಮ ಲೆಕ್ಕದಲ್ಲಿ ತಪ್ಪಾಗಿರುವುದು ಮಾರುವಾಗ ಅಲ್ಲ, ಕೊಳ್ಳುವಾಗ. ಆ 1,850 ರೂಪಾಯಿ ಸೈಕಲ್ ಮನೆಗೆ ಬಂದ ಮೇಲೆ ತಿಳಿದ ಖರ್ಚು ಎಂದು ಊಹಿಸುತ್ತೇನೆ. ಅದು ಕೊಟ್ಟವರ ಅಂಗಳದಲ್ಲೇ ತಿಳಿಯಬೇಕಿತ್ತು. ಕಿಸೆಯಲ್ಲಿ ಒಂದು ಉಕ್ಕಿನ ಅಳತೆಪಟ್ಟಿ ಇಟ್ಟುಕೊಳ್ಳಿ. ಚೈನಿನ ಒಂದು ಪಿನ್ನಿನ ನಡುವೆ ಸೊನ್ನೆಯನ್ನು ಇಟ್ಟು ಅರ್ಧ ಇಂಚಿನ 24 ಕೊಂಡಿಗಳನ್ನು ಎಣಿಸಿದರೆ ಹೊಸ ಚೈನಿನಲ್ಲಿ ಸರಿಯಾಗಿ 12 ಇಂಚು ಬರುತ್ತದೆ. ಇಂಚಿನ ಹದಿನಾರನೇ ಒಂದು ಭಾಗ ಹೆಚ್ಚಿದ್ದರೆ ಚೈನು ಬದಲಿಸುವ ಕಾಲ ಬಂದಿದೆ ಎಂದು ತಿಳಿಯಿರಿ. ಎಂಟನೇ ಒಂದು ಭಾಗ ಹೆಚ್ಚಿದ್ದರೆ ಆ ಚೈನು ಹಿಂದಿನ ಹಲ್ಲುಗಳನ್ನೂ ತಿಂದಿರುತ್ತದೆ, ಹೊಸ ಚೈನು ಹಾಕಿದರೂ ಅವುಗಳ ಮೇಲೆ ಜಾರುತ್ತದೆ. ಈ ಅಳತೆಯನ್ನು ಮಾಲೀಕರ ಕಣ್ಣೆದುರಿಗೇ ಮಾಡಿ ತೋರಿಸಿದರೆ ಬೆಲೆ ಇಳಿಸಲು ಬೇರೆ ಮಾತೇ ಬೇಕಾಗುವುದಿಲ್ಲ.

ಇನ್ನೊಂದು ಮುಖ್ಯ ಪರೀಕ್ಷೆಯೆಂದರೆ ಸೀಟಿನ ಕಂಬ. ಬೋಲ್ಟ್ ಸಡಿಲಿಸಿ ಸೀಟನ್ನು ತಿರುಗಿಸಿ ನೋಡಿ. ಉಕ್ಕಿನ ಫ್ರೇಮಿನೊಳಗೆ ಅಲ್ಯೂಮಿನಿಯಂ ಕಂಬವು ಗ್ರೀಸ್ ಇಲ್ಲದೆ ವರ್ಷಗಟ್ಟಲೆ ಕುಳಿತರೆ ಬೆಸೆದಂತೆ ಕಚ್ಚಿಕೊಳ್ಳುತ್ತದೆ. ಅಂಥ ಒಂದು ಸೈಕಲ್ ತಂದು ಎರಡು ಭಾನುವಾರ ಗುದ್ದಾಡಿ, ಕೊನೆಗೆ ಗರಗಸದಿಂದ ಕೊಯ್ದು ತೆಗೆದಿದ್ದೇನೆ. ಆ ಎರಡು ದಿನದ ಕೂಲಿಯನ್ನು ಯಾವ ಗಿರಾಕಿಯೂ ಕೊಡಲಿಲ್ಲ. ಹಿಂದಿನ ಗೇರು ತೂಗುವ ಹ್ಯಾಂಗರ್ ಒಳಕ್ಕೆ ಬಾಗಿದೆಯೇ ಎಂಬುದನ್ನು ಸೈಕಲಿನ ಹಿಂದೆ ಕುಳಿತು ನೋಡಿ. ಮುಂದಿನ ಬ್ರೇಕ್ ಹಿಡಿದು ಹಿಂದಕ್ಕೂ ಮುಂದಕ್ಕೂ ಅಲ್ಲಾಡಿಸಿದಾಗ ಹ್ಯಾಂಡಲ್ ಬುಡದಲ್ಲಿ ಟಕಟಕ ಎನ್ನುತ್ತದೆಯೇ ಎಂದು ಗಮನಿಸಿ.

ಬೇಗ ಮಾರಾಟವಾಗುವ ಮಾಲೆಂದರೆ ಮಕ್ಕಳ 16 ಮತ್ತು 20 ಇಂಚಿನ ಸೈಕಲ್‌ಗಳು. ಮಗು ಬೆಳೆದಂತೆ ಸೈಕಲ್ ಚಿಕ್ಕದಾಗುತ್ತದೆ, ತಂದೆತಾಯಿ ಅದನ್ನು ಕೊಟ್ಟು ದೊಡ್ಡದನ್ನು ಕೇಳುತ್ತಾರೆ. ಒಂದೇ ಮನೆ ನಿಮಗೆ ಮಾಲೂ ಹೌದು, ಗಿರಾಕಿಯೂ ಹೌದು.

ಹೆಲ್ಮೆಟ್‌ಗಳನ್ನು ಮಾತ್ರ ದಯಮಾಡಿ ಮಾರಬೇಡಿ. ಅದರೊಳಗಿನ ನೊರೆಯ ಪದರ ಒಮ್ಮೆ ಪೆಟ್ಟು ತಿಂದು ಅದುಮಿಹೋದರೆ ಮತ್ತೆ ಮೊದಲಿನಂತಾಗುವುದಿಲ್ಲ, ಹೊರಗಿನಿಂದ ಅದು ಕಾಣುವುದೂ ಇಲ್ಲ. ಬೇರೆಯವರ ತಲೆಯ ವಿಷಯದಲ್ಲಿ ನಾವು ಊಹೆಯ ಮೇಲೆ ವ್ಯಾಪಾರ ಮಾಡಬಾರದು.

ಉತ್ತರ 2: ಲೆಕ್ಕಪತ್ರದವರು, ಹುಬ್ಬಳ್ಳಿ

ತೆರಿಗೆಯ ಬಗ್ಗೆ ಹೇಳುತ್ತೇನೆ. ಕರ್ನಾಟಕದೊಳಗೆ ಸರಕು ಮಾತ್ರ ಮಾರುವವರಿಗೆ ವರ್ಷದ ವಹಿವಾಟು 40 ಲಕ್ಷ ರೂಪಾಯಿ ದಾಟುವವರೆಗೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಬೇಕಿಲ್ಲ. ಆದರೆ ಪುಣೆಗೋ ಹೈದರಾಬಾದಿಗೋ ಒಂದೇ ಸೈಕಲ್ ಮಾರಿದರೂ ಅದು ಅಂತರರಾಜ್ಯ ಮಾರಾಟವಾಗುವುದರಿಂದ ವಹಿವಾಟು ಎಷ್ಟೇ ಸಣ್ಣದಿರಲಿ ನೋಂದಣಿ ಕಡ್ಡಾಯವಾಗುತ್ತದೆ. ಆದ್ದರಿಂದ ಮೊದಲ ಒಂದೆರಡು ವರ್ಷ ರಾಜ್ಯದೊಳಗೇ ಮಾರುವುದು ಲೇಸು. ಮುಂದೆ ನೋಂದಣಿಯಾದರೂ ಹೆದರಬೇಕಿಲ್ಲ. ಹಳೆಯ ವಸ್ತುಗಳ ವ್ಯಾಪಾರಿಗೆ ಸಿಜಿಎಸ್‌ಟಿ (ಕೇಂದ್ರ ಜಿಎಸ್‌ಟಿ) ನಿಯಮ 32(5)ರ ಪ್ರಕಾರ, ಕೊಂಡಾಗಿನ ತೆರಿಗೆಯ ಕ್ರೆಡಿಟ್ (ಆಗ ತೆತ್ತ ತೆರಿಗೆಯನ್ನು ಮಾರುವಾಗಿನ ತೆರಿಗೆಯಲ್ಲಿ ಕಳೆಯುವ ಅವಕಾಶ) ಪಡೆಯದಿದ್ದರೆ, ಕೊಂಡ ಬೆಲೆ ಮತ್ತು ಮಾರಿದ ಬೆಲೆಯ ವ್ಯತ್ಯಾಸದ ಮೇಲೆ ಮಾತ್ರ ತೆರಿಗೆ ಬೀಳುತ್ತದೆ. ಸೈಕಲ್‌ಗಳ ಮೇಲಿನ ದರವೂ 2025ರ ಸೆಪ್ಟೆಂಬರ್ 22ರಿಂದ ಶೇಕಡ 12ರಿಂದ 5ಕ್ಕೆ ಇಳಿದಿದೆ.

ಈ ಸೌಲಭ್ಯ ಸಿಗಬೇಕಾದರೆ ಪ್ರತಿ ಸೈಕಲಿಗೂ ಕೊಂಡ ದಾಖಲೆ ಇರಬೇಕು. ಪೆಡಲ್ ಅಚ್ಚಿನ ಕೆಳಗೆ, ಫ್ರೇಮಿನ ಮೇಲೆ ಕೆತ್ತಿರುವ ಸಂಖ್ಯೆ, ಕೊಟ್ಟವರ ಹೆಸರು, ಗುರುತಿನ ಚೀಟಿಯ ಪ್ರತಿ, ಸಹಿ, ಯುಪಿಐ ಪಾವತಿಯ ವಿವರ ಇವಿಷ್ಟನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ಸಂಖ್ಯೆಯನ್ನು ಉಜ್ಜಿ ಅಳಿಸಿದ್ದರೆ ಬೆಲೆ ಎಷ್ಟೇ ಕಡಿಮೆಯಿದ್ದರೂ ಮುಟ್ಟಬೇಡಿ. ಕಳವಿನ ಮಾಲೆಂದು ನಂಬಲು ಕಾರಣವಿದ್ದೂ ಅಪ್ರಾಮಾಣಿಕವಾಗಿ ಕೊಳ್ಳುವುದು ಭಾರತೀಯ ನ್ಯಾಯ ಸಂಹಿತೆಯ 317ನೇ ಕಲಮಿನಡಿ ಅಪರಾಧ, 3 ವರ್ಷದವರೆಗೆ ಸೆರೆವಾಸವಿದೆ.

ಉತ್ತರ 3: ಕೊಳ್ಳುವವನ ಕಡೆಯಿಂದ, ಬಾಗಲಕೋಟೆ ಜಿಲ್ಲೆ

ನಾನು ಮಾರುವವನಲ್ಲ, ಕೊಳ್ಳುವವನು. ವಿಜಯಪುರ ಮತ್ತು ಬಾಗಲಕೋಟೆಯ ಕಡೆ ಸೈಕಲ್ ಓಟವೆಂದರೆ ಊರೂರಿನಲ್ಲಿ ಅಕ್ಕರೆ. ಹೊಸ ರೇಸ್ ಸೈಕಲ್ ಕೊಳ್ಳಲಾಗದ ರೈತರ ಮಕ್ಕಳು ಬೆಂಗಳೂರಿನಿಂದ ಬರುವ ಹಳೆಯ ಸೈಕಲ್‌ಗಳನ್ನೇ ಕಾಯುತ್ತಿರುತ್ತಾರೆ. ನಿಮ್ಮ ಮಾಲಿಗೆ ಇಲ್ಲಿ ಗಿರಾಕಿಗಳಿದ್ದಾರೆ, ಆದರೆ ಜಾಹೀರಾತು ನಂಬುವಂತಿರಬೇಕು.

ಎರಡು ವರ್ಷದ ಹಿಂದೆ ತಮ್ಮನಿಗಾಗಿ ತರಿಸಿದ ಸೈಕಲಿನ ಜಾಹೀರಾತಿನಲ್ಲಿ ‘ಒಳ್ಳೆಯ ಸ್ಥಿತಿ’ ಎಂಬ ಎರಡೇ ಪದಗಳಿದ್ದವು. ಪೆಟ್ಟಿಗೆ ಬಿಚ್ಚಿದಾಗ ಮುಂದಿನ ಫೋರ್ಕಿನ ಎರಡು ಕಾಲುಗಳು ಒಂದಕ್ಕೊಂದು ಅದುಮಿಕೊಂಡಿದ್ದವು, ಚಕ್ರ ಕೂರಲೇ ಇಲ್ಲ. ಚಕ್ರ ಬಿಚ್ಚಿದ ಜಾಗದಲ್ಲಿ ಒಂದು ಪ್ಲಾಸ್ಟಿಕ್ ತುಂಡನ್ನೋ ಮರದ ತುಂಡನ್ನೋ ಕೊಟ್ಟಿದ್ದರೆ ಸಾಕಿತ್ತು. ತಮ್ಮ ಆ ವರ್ಷದ ತಾಲ್ಲೂಕು ಸ್ಪರ್ಧೆಗೆ ಹೋಗಲಿಲ್ಲ. ಎಡ ಪೆಡಲಿನ ತಿರುಪಿನ ಮರೆ ಉಲ್ಟಾ ಇರುತ್ತದೆ ಎಂಬುದನ್ನೂ ಪೆಟ್ಟಿಗೆಯೊಳಗೆ ಒಂದು ಚೀಟಿಯಲ್ಲಿ ಬರೆದಿಡಿ. ಗೊತ್ತಿಲ್ಲದೆ ಬಿಗಿದು ಮರೆ ಕೆಡಿಸಿಕೊಂಡವರನ್ನು ಕಂಡಿದ್ದೇನೆ.

ಟೈರಿನ ಅಳತೆಯನ್ನು ಇಂಚಿನಲ್ಲಿ ಮಾತ್ರ ಬರೆದರೆ ಸಾಲದು. ನಮ್ಮ ಅಜ್ಜಂದಿರ 28 ಇಂಚಿನ ಸೈಕಲಿನ ರಿಮ್ಮು 635 ಮಿಲಿಮೀಟರ್, ಈಗಿನ 29 ಇಂಚಿನದು 622. ಹೆಸರಿನಲ್ಲಿ ಚಿಕ್ಕದಾದದ್ದೇ ಅಳತೆಯಲ್ಲಿ ದೊಡ್ಡದು. ಟೈರಿನ ಬದಿಯಲ್ಲಿ ಅಚ್ಚಾಗಿರುವ 28-622ರಂತಹ ಸಂಖ್ಯೆಯ (ಟೈರಿನ ಅಗಲ ಮತ್ತು ರಿಮ್ಮಿನ ಅಳತೆ, ಎರಡೂ ಮಿಲಿಮೀಟರಿನಲ್ಲಿ) ಫೋಟೋ ಹಾಕಿ.

ಸಾಗಣೆಯಲ್ಲಿ ಒಂದು ಎಚ್ಚರ ಬೇಕು. ಅನೇಕ ಕೊರಿಯರ್‌ನವರು ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸಿ ತೂಕ ಹಾಕುತ್ತಾರೆ. 140, 20, 75 ಸೆಂಟಿಮೀಟರಿನ ಪೆಟ್ಟಿಗೆಯಲ್ಲಿ ಇರುವುದು 14 ಕೆಜಿಯ ಸೈಕಲ್ ಆದರೂ ಬಾಡಿಗೆ ಬೀಳುವುದು 42 ಕೆಜಿಗೆ. ರೈಲಿನ ಪಾರ್ಸೆಲ್, ಸರ್ಕಾರಿ ಬಸ್ಸಿನ ಸರಕು ಸೇವೆ ಎರಡನ್ನೂ ವಿಚಾರಿಸಿ, ಬಾಡಿಗೆಯನ್ನು ಮೊದಲೇ ಬೇರೆಯಾಗಿ ತಿಳಿಸಿ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ನಿನ್ನೆ ರಾತ್ರಿ ಮನೆಯಲ್ಲಿರುವ ಆರು ಸೈಕಲ್‌ಗಳ ಚೈನು ಅಳೆದೆ. ಮೂರರಲ್ಲಿ ಎಂಟನೇ ಒಂದು ಭಾಗಕ್ಕಿಂತ ಹೆಚ್ಚೇ ಇತ್ತು, ಆ ಮೂರಕ್ಕೂ ನಾನು ‘ಸುಸ್ಥಿತಿ’ ಎಂದು ಜಾಹೀರಾತು ಹಾಕಿದ್ದೆ. ಮೂರನ್ನೂ ತೆಗೆದು, ಅಳತೆಯ ಫೋಟೋದೊಂದಿಗೆ ಹೊಸದಾಗಿ ಬರೆದಿದ್ದೇನೆ. ಹೆಲ್ಮೆಟ್‌ಗಳು ಗುಜರಿಗೆ ಹೋದವು. ಬಾಗಲಕೋಟೆಯವರೇ, ನನ್ನಲ್ಲಿ ಒಂದು ರೇಸ್ ಸೈಕಲ್ ಇದೆ, ತಮ್ಮನ ಎತ್ತರ ಎಷ್ಟೆಂದು ತಿಳಿಸುವಿರಾ?