ಪದಚರ್ಚೆ: ಹೊಸ ವಿಮಾನವನ್ನು 'ಮಾಸಿಸಬಹುದೇ'?

ಬಳಗದ ಎಲ್ಲರಿಗೂ ನಮಸ್ಕಾರ.

ಎರಡು ವಾರಗಳಿಂದ ಒಂದು ಪದ ಸಿಗದೆ ಪರದಾಡುತ್ತಿದ್ದೇನೆ. ಪ್ಲಾಸ್ಟಿಕ್ ಬಿಡಿಭಾಗಗಳನ್ನು ಅಂಟಿಸಿ ಯುದ್ಧವಿಮಾನಗಳ ಕಿರುಮಾದರಿ ಕಟ್ಟುವುದು ನನ್ನ ಹವ್ಯಾಸ. ಹೊಸದಾಗಿ ಕೈಹಾಕುವವರಿಗೆಂದು ಕನ್ನಡದಲ್ಲೇ ಒಂದು ಕೈಪಿಡಿ ಬರೆಯಲು ಕುಳಿತಿದ್ದೇನೆ. ಅಂಟಿಸುವುದು, ಉಜ್ಜುವುದು, ಸಂದು ತುಂಬುವುದು, ಬಣ್ಣ ಹೊಡೆಯುವುದು, ಇವೆಲ್ಲ ಸಲೀಸಾಗಿ ಬರೆಸಿಕೊಂಡವು. ಲೇಖನಿ ನಿಂತದ್ದು ಕೊನೆಯ ಅಧ್ಯಾಯದಲ್ಲಿ, ಇಂಗ್ಲಿಷಿನಲ್ಲಿ 'ವೆದರಿಂಗ್' ಎಂದು ಕರೆಯುವ ಕೆಲಸಕ್ಕೆ ಬಂದಾಗ.

ಆ ಕೆಲಸ ಏನೆಂದು ಮೊದಲು ಹೇಳುತ್ತೇನೆ. ಈಗ ನನ್ನ ಮೇಜಿನ ಮೇಲಿರುವುದು 1:48 ಪ್ರಮಾಣದ ಎಫ್-14 ಟಾಮ್‌ಕ್ಯಾಟ್. ಅಸಲು ವಿಮಾನ ಸುಮಾರು 19 ಮೀಟರ್ ಉದ್ದ. ಮಾದರಿ ಸುಮಾರು 40 ಸೆಂಟಿಮೀಟರ್, ಮೊಳಕ್ಕೆ ಚೂರು ಕಡಿಮೆ. ಬೂದುಬಣ್ಣ ಹೊಡೆದು ಮುಗಿಸಿದಾಗ ಅದು ಆಟಿಕೆಯಂತೆ ಕಾಣುತ್ತದೆ. ಅಮೆರಿಕದ ನೌಕಾಪಡೆ 2006ರಲ್ಲಿ ನಿವೃತ್ತಗೊಳಿಸಿದ ಈ ವಿಮಾನ ಸೇವೆಯಲ್ಲಿದ್ದಷ್ಟು ಕಾಲ ಹಾಗೆ ನುಣ್ಣಗೆ ಇರಲೇ ಇಲ್ಲ. ಬಿಸಿಲಿಗೆ ಬಣ್ಣ ಪೇಲವವಾಗಿರುತ್ತಿತ್ತು, ಹೊಟ್ಟೆಯ ಕೆಳಗೆ ಎಣ್ಣೆ ಸೋರಿದ ಗೆರೆಗಳು, ಸಿಬ್ಬಂದಿ ಹತ್ತಿ ಓಡಾಡಿದ ಕಡೆ ಕಾಲಿನ ಕೊಳೆ. ಹೊಸ ಮಾದರಿಯ ಮೇಲೆ ಇವೆಲ್ಲವನ್ನೂ ಬಣ್ಣದಿಂದಲೇ ಬರಿಸುವುದು ಈ ಅಧ್ಯಾಯದ ವಿಷಯ. ಅದಕ್ಕೆ ಕನ್ನಡದಲ್ಲಿ ಏನೆನ್ನಬೇಕು?

ಮೊದಲು ನೆನಪಾದದ್ದು ಶಾಲೆಯ ಭೂಗೋಳದ 'ಶಿಥಿಲೀಕರಣ'. ಬಂಡೆಗಳು ಬಿಸಿಲು ಮಳೆಗೆ ಒಡೆದು ಪುಡಿಯಾಗುವುದಕ್ಕೆ ಪಠ್ಯಪುಸ್ತಕಗಳು ಕೊಟ್ಟ ಪದ. ಇಂಗ್ಲಿಷ್ ಮೂಲ ಒಂದೇ ಆದರೂ ಇಲ್ಲಿ ಅದು ಒಗ್ಗುವುದಿಲ್ಲ. ಶಿಥಿಲ ಎಂದರೆ ನಮಗೆ ಕಣ್ಣಮುಂದೆ ಬರುವುದು ಬೀಳಲಿರುವ ಗೋಡೆ. ನಾನು ಮಾಡುತ್ತಿರುವ ವಿಮಾನ ನಾಳೆ ಬೆಳಿಗ್ಗೆ ಮತ್ತೆ ಹಾರಬೇಕಾದದ್ದು. ಅದರ ಎಂಜಿನ್ ಚೊಕ್ಕವಾಗಿದೆ, ಚಕ್ರಗಳಲ್ಲಿ ಗಾಳಿ ಇದೆ. ಮೈ ಮಾತ್ರ ಕೊಳೆಯಾಗಿದೆ. ಗೆಳೆಯರೊಬ್ಬರು 'ಹವಾಮಾನೀಕರಣ' ಎಂದು ಸೂಚಿಸಿದರು. ಅವರ ಮೇಲಿನ ಗೌರವದಿಂದ ಅದನ್ನು ಇಲ್ಲಿ ದಾಖಲಿಸಿದ್ದೇನೆ, ಅಷ್ಟೇ. 'ಹಳೆಯದಾಗಿಸುವಿಕೆ' ಅರ್ಥವಾಗುತ್ತದೆ, ಆದರೆ ಕೈಪಿಡಿಯಲ್ಲಿ ಐವತ್ತು ಸಲ ಬರೆಯಬೇಕಾದ ಪದ ಇಷ್ಟುದ್ದ ಇದ್ದರೆ ಓದುವವನ ನಾಲಿಗೆಯೇ ಮೊದಲು ಹಳೆಯದಾಗುತ್ತದೆ. 'ಹಳಸು' ಬೇಡ, ಮೂಗು ಮುಚ್ಚಿಕೊಳ್ಳಬೇಕಾಗುತ್ತದೆ.

'ಸವೆ' ಎಂಬ ಕ್ರಿಯಾಪದದ ಬಳಿ ಸ್ವಲ್ಪ ಹೊತ್ತು ನಿಂತೆ. ಸವೆತ, ಸವಕಳಿ, ಸವಕಲು ಎಲ್ಲವೂ ಅದರ ಮಕ್ಕಳು. ಆದರೆ ಸವಕಳಿಯನ್ನು ಮಣ್ಣಿನವರು ಒಂದು ಕಡೆ, ಲೆಕ್ಕಪತ್ರದವರು ಇನ್ನೊಂದು ಕಡೆ ಹಿಡಿದುಕೊಂಡಿದ್ದಾರೆ. ಸವಕಲು ಎಂಬುದರಲ್ಲಿ ಒಂದು ತಾತ್ಸಾರವಿದೆ: ಸವಕಲು ನಾಣ್ಯ ನಡೆಯುವುದಿಲ್ಲ, ಸವಕಲು ಮಾತು ಯಾರಿಗೂ ಬೇಡ. ಅದಕ್ಕಿಂತ ದೊಡ್ಡ ತೊಡಕೆಂದರೆ, ಸವೆದಾಗ ವಸ್ತು ಕಡಿಮೆಯಾಗುತ್ತದೆ. ಇಲ್ಲಿ ನಾನು ತೆಗೆಯುತ್ತಿರುವುದಕ್ಕಿಂತ ಹಚ್ಚುತ್ತಿರುವುದೇ ಹೆಚ್ಚು. ಬಣ್ಣದ ಮೇಲೆ ಬಣ್ಣ ಕೂಡಿಸಿ, ಏನೋ ಕಳೆದುಹೋಗಿದೆ ಎಂದು ಕಣ್ಣಿಗೆ ನಂಬಿಸುವ ಕೆಲಸ ಇದು.

ಹಾಗೆಂದು ಸವೆ ಎಲ್ಲಿಯೂ ಬೇಡವೆಂದಲ್ಲ. ಟಾಮ್‌ಕ್ಯಾಟ್‌ನ ರೆಕ್ಕೆಗಳು ಹಾರಾಟದಲ್ಲಿ 20 ಡಿಗ್ರಿಯಿಂದ 68 ಡಿಗ್ರಿಯವರೆಗೆ ಹಿಂದಕ್ಕೆ ಮಡಚಿಕೊಳ್ಳುತ್ತವೆ. ಮಡಚಿದಾಗಲೆಲ್ಲ ರೆಕ್ಕೆಯ ಮೈ ಒಡಲಿನ ಅಂಚಿಗೆ ಉಜ್ಜಿ, ಬಿಲ್ಲಿನಂತೆ ಬಾಗಿದ ಗುರುತುಗಳು ಮೂಡುತ್ತವೆ. ಆ ಗುರುತಿಗೆ 'ಸವೆತ' ಬಿಟ್ಟರೆ ಬೇರೆ ಹೆಸರು ಬೇಕಿಲ್ಲ. ಕೊರತೆ ಇರುವುದು ಇಡೀ ಕೆಲಸಕ್ಕೆ ಸಲ್ಲುವ ಹೆಸರಿನದು.

ಕೊನೆಗೆ ನನ್ನ ಮನಸ್ಸು ನೆಟ್ಟಿರುವುದು 'ಮಾಸು' ಎಂಬುದರ ಮೇಲೆ. ಬಟ್ಟೆ ಮಾಸಿತು ಎಂದರೆ ಕೊಳೆ ಸೇರಿತು ಎಂದರ್ಥ. ಬಣ್ಣ ಮಾಸಿತು ಎಂದರೆ ಕಳೆಗುಂದಿತು ಎಂದರ್ಥ. ಒಂದರಲ್ಲಿ ಕೂಡಿಕೆ, ಇನ್ನೊಂದರಲ್ಲಿ ಕಳೆಯುವಿಕೆ. ಎರಡಕ್ಕೂ ಒಂದೇ ಪದ. ವಿಮಾನದ ಮೈಯಲ್ಲಿ ಆಗುವುದೂ ಇದೇ: ಮೇಲ್ಮೈ ಬಿಸಿಲಿಗೆ ಬಿಳಚಿಕೊಳ್ಳುತ್ತದೆ, ಹೊಟ್ಟೆ ಜಿಡ್ಡಿಗೆ ಕಪ್ಪಾಗುತ್ತದೆ. ತಾತ್ಸಾರವೂ ಕಡಿಮೆ, ಏಕೆಂದರೆ ಮಾಸಿದ ಅಂಗಿಯನ್ನು ಒಗೆದು ಮತ್ತೆ ತೊಡುತ್ತೇವೆ, ಎಸೆಯುವುದಿಲ್ಲ.

ತೊಡಕು ವ್ಯಾಕರಣದ್ದು. ಮಾಸುವುದು ತಾನಾಗಿ ಆಗುವಂಥದು, ಯಾರೂ ಮಾಡುವಂಥದಲ್ಲ. ಕಂದು, ಬಾಡು, ಮಾಗು, ಸವೆ ಎಲ್ಲವೂ ಹಾಗೆಯೇ. ಕಾಲ ಮಾಡುವ ಕೆಲಸಗಳಿಗೆ ಕನ್ನಡ ಕರ್ತೃವನ್ನು ಕೇಳುವುದಿಲ್ಲ. ಒಣಗು ಒಣಗಿಸು ಆಗುತ್ತದೆ, ಮಾಗು ಮಾಗಿಸು ಆಗುತ್ತದೆ. ಅದೇ ದಾರಿಯಲ್ಲಿ 'ಮಾಸಿಸು' ಎಂದರೆ ವ್ಯಾಕರಣ ತಡೆಯುವುದಿಲ್ಲ, ಕಿವಿ ತಡೆಯುತ್ತದೆ. "ರೆಕ್ಕೆಯನ್ನು ಮಾಸಿಸಿ" ಎಂದು ಬರೆದು ಜೋರಾಗಿ ಓದಿ ನೋಡಿದೆ. ಮೊದಲ ದಿನ ನಗು ಬಂತು, ಮೂರನೆಯ ದಿನ ಬರಲಿಲ್ಲ. ಇದು ಪದದ ಗುಣವೋ ನನ್ನ ರೂಢಿಯೋ ತಿಳಿಯದ್ದರಿಂದಲೇ ನಿಮ್ಮನ್ನು ಕೇಳುತ್ತಿದ್ದೇನೆ. ನಿಮ್ಮ ಕಡೆಯ ಮಾತಿನಲ್ಲಿ ಯಾರಾದರೂ, ಯಾವುದಾದರೂ ವಸ್ತುವನ್ನು, ಬೇಕೆಂದೇ 'ಮಾಸಿಸುತ್ತಾರೆಯೇ'?

ಇದಕ್ಕಿಂತ ತುರ್ತಾಗಿ ಬೇಕಿರುವುದು ಇನ್ನೊಂದು ಪದ. ಅದು ಒಂದು ಅನಾಹುತವನ್ನೂ ಮಾಡಿದೆ.

ವಿಮಾನದ ತಗಡುಗಳು ಕೂಡುವ ಸಂದುಗಳು ಮಾದರಿಯ ಮೇಲೆ ಕೂದಲೆಳೆಯಂತಹ ಗೀರುಗಳಾಗಿರುತ್ತವೆ. ತೈಲವರ್ಣವನ್ನು ತಿನ್ನರ್ ಹಾಕಿ ನೀರಿನಷ್ಟು ತೆಳುವಾಗಿಸಿ, ಕುಂಚದ ತುದಿಯಿಂದ ಆ ಗೀರಿಗೆ ಮುಟ್ಟಿಸಿದರೆ ಸಾಕು, ದ್ರವ ತಾನೇ ಗೀರಿನುದ್ದಕ್ಕೂ ಓಡುತ್ತದೆ. ಅದು ಓಡಲೆಂದೇ ಮೊದಲು ಹೊಳಪಿನ ವಾರ್ನಿಷ್ ಕೊಟ್ಟಿರಬೇಕು. ಒರಟು ಮೈಯಾದರೆ ಸುತ್ತಲೂ ಹೀರಿಕೊಂಡು ಕಲೆ ಕಟ್ಟುತ್ತದೆ. ಒಣಗಿದ ಮೇಲೆ ಬಟ್ಟೆಯಿಂದ ಮೂತಿಯಿಂದ ಬಾಲದ ಕಡೆಗೆ, ಗಾಳಿ ಹರಿಯುವ ದಿಕ್ಕಿನಲ್ಲೇ ಒರಸಬೇಕು. ಮೇಲಿನದು ಹೋಗಿ ಸಂದಿನದು ಉಳಿಯುತ್ತದೆ. ಇದಕ್ಕೆ ಹವ್ಯಾಸಿಗಳು ಹೇಳುವುದು 'ವಾಶ್'.

ನನ್ನ ಕರಡಿನಲ್ಲಿ "ಡಿಕಾಲ್ ಅಂಟಿಸಿದ ಮೇಲೆ ವಾಶ್ ಕೊಡಿ" ಎಂದಿತ್ತು. ಡಿಕಾಲ್ ಎಂದರೆ ನೀರಿನಲ್ಲಿ ನೆನೆಸಿ ಮಾದರಿಗೆ ಅಂಟಿಸುವ, ಅಂಕಿ ಲಾಂಛನಗಳ ತೆಳು ಚಿತ್ರ. ಓದಿದ ಹುಡುಗನೊಬ್ಬ ಮಾದರಿಯನ್ನು ನೇರವಾಗಿ ನಲ್ಲಿಯ ಕೆಳಗೆ ಹಿಡಿದ. ಎರಡು ಸಂಜೆ ಕುಳಿತು ಅಂಟಿಸಿದ್ದ ಡಿಕಾಲ್‌ಗಳು ತೇಲಿಹೋದವು. ಅವನನ್ನು ದೂರುವಂತಿಲ್ಲ. ಅದೇ ಕರಡಿನ ಮೊದಲ ಪುಟದಲ್ಲಿ, ಅಚ್ಚಿನ ಜಿಡ್ಡು ಹೋಗಲು ಭಾಗಗಳನ್ನು ಸಾಬೂನು ನೀರಿನಲ್ಲಿ 'ವಾಶ್ ಮಾಡಿ' ಎಂದು ಬರೆದವನೂ ನಾನೇ. ಒಂದೇ ಪದ ಮೊದಲ ಪುಟದಲ್ಲಿ ಕೊಳೆ ತೆಗೆಯುತ್ತದೆ, ಕೊನೆಯ ಪುಟದಲ್ಲಿ ಕೊಳೆ ಹಚ್ಚುತ್ತದೆ.

ಹುಡುಕುತ್ತಾ ಹೋದಾಗ ಹಳಗನ್ನಡದ 'ತೊಡೆ' ಸಿಕ್ಕಿತು. ಕಣ್ಣೀರನ್ನು ತೊಡೆ, ಕಳಂಕವನ್ನು ತೊಡೆದುಹಾಕು ಎನ್ನುವಲ್ಲಿ ಒರಸುವ ಅರ್ಥ ನಮಗೆಲ್ಲ ಗೊತ್ತು. ಆದರೆ ಹಳೆಯ ಬಳಕೆಯಲ್ಲಿ ಮೈಗೆ ಗಂಧವನ್ನು ತೊಡೆಯುವುದೂ ಉಂಟು. ಅಲ್ಲಿ ಅರ್ಥ ಲೇಪಿಸು. ಹಚ್ಚುವುದೂ ಅದೇ, ಒರಸುವುದೂ ಅದೇ. ನನ್ನ ಕೆಲಸದ ಎರಡು ಹೆಜ್ಜೆಗಳೂ ಒಂದೇ ಕ್ರಿಯಾಪದದಲ್ಲಿ ಕುಳಿತಿರುವುದನ್ನು ಕಂಡು ನಿಜಕ್ಕೂ ಕುಣಿದಾಡುವಂತಾಯಿತು. "ಸಂದುಗಳನ್ನು ತೊಡೆಯಿರಿ" ಎಂದರೆ ಇಂದಿನ ಓದುಗ ಅರ್ಧವನ್ನಷ್ಟೇ ಹಿಡಿಯುತ್ತಾನೆ ಎಂಬುದೂ ಗೊತ್ತು. ಆದರೂ ಬಿಡಲು ಮನಸ್ಸಿಲ್ಲ.

ಸಣ್ಣಪುಟ್ಟವಕ್ಕೆ ತೊಂದರೆಯಾಗಲಿಲ್ಲ. ಬಣ್ಣ ಕಿತ್ತು ಲೋಹ ಕಾಣುವುದಕ್ಕೆ 'ಚಕ್ಕೆ ಏಳು' ಇದೆ. ಇಲ್ಲಿ ಒಂದು ಎಚ್ಚರಿಕೆ ಬರೆದಿದ್ದೇನೆ: ಮಾದರಿಯ ಮೇಲೆ ಒಂದು ಮಿಲಿಮೀಟರ್ ಚಕ್ಕೆ ಎಬ್ಬಿಸಿದರೆ ಅಸಲಿನಲ್ಲಿ ಅದು 48 ಮಿಲಿಮೀಟರ್, ಅಂಗೈಯ ಅರ್ಧದಷ್ಟು. ಉಪ್ಪುಗಾಳಿಗೆ ಕೆಟ್ಟ ಜಾಗಗಳಿಗೆ ವಿಮಾನವಾಹಕ ನೌಕೆಯ ಸಿಬ್ಬಂದಿ ಆಗಿಂದಾಗ್ಗೆ ಹಚ್ಚುವ, ಸುತ್ತಲಿನ ಬಣ್ಣಕ್ಕೆ ಹೊಂದದ ಬೂದುಬಣ್ಣಕ್ಕೆ 'ತೇಪೆ' ಎಂದಿದ್ದೇನೆ. ಎಂಜಿನ್ನಿನ ಹಿಂತುದಿಯ ಲೋಹ ಕಾವಿಗೆ ಒಣಹುಲ್ಲಿನ ಬಣ್ಣಕ್ಕೆ, ನೇರಳೆಗೆ, ನೀಲಿಗೆ ತಿರುಗುವುದಕ್ಕೆ 'ಕರಕಲು' ಎಂದರೆ ಇದ್ದಿಲು ನೆನಪಾಗುತ್ತದೆ, 'ಕಮರು' ವಾಸಿ. ತುಕ್ಕನ್ನು ಮಾತ್ರ ಅಧ್ಯಾಯದಿಂದಲೇ ಹೊರಗಿಟ್ಟಿದ್ದೇನೆ. ಹೊಸಬರು ಕೆಂಪುಗಂದು ಬಣ್ಣವನ್ನು ರೆಕ್ಕೆಗೆಲ್ಲ ಬಳಿಯುತ್ತಾರೆ. ತುಕ್ಕು ಕಬ್ಬಿಣದ್ದು, ಕಿಲುಬು ತಾಮ್ರ ಹಿತ್ತಾಳೆಗಳದ್ದು. ವಿಮಾನದ ಮೈಯ ಅಲ್ಯೂಮಿನಿಯಂ ಕೆಟ್ಟರೆ ಬಿಡುವುದು ಬಿಳಿಯ ಹುಡಿ. ಆ ಹುಡಿಗೆ ನಮ್ಮಲ್ಲಿ ಹೆಸರಿದ್ದರೆ ತಿಳಿಸಿ.

ಅಂದಹಾಗೆ, ಇಡೀ ಅಧ್ಯಾಯಕ್ಕೆ 'ದುಡಿದ ಕಳೆ' ಎಂದು ತಲೆಬರಹ ಕೊಡುವಂತೆ ಮನೆಯಲ್ಲಿ ಸಲಹೆ ಬಂದಿದೆ. ಚೆನ್ನಾಗಿದೆ, ಒಪ್ಪುತ್ತೇನೆ. ಆದರೆ ತಲೆಬರಹದಿಂದ ಕ್ರಿಯಾಪದ ಹುಟ್ಟುವುದಿಲ್ಲ; "ಈಗ ಹೊಟ್ಟೆಯ ಭಾಗಕ್ಕೆ ದುಡಿದ ಕಳೆ ಬರಿಸಿ" ಎಂದು ಎಷ್ಟು ಸಲ ಬರೆಯುವುದು?

ಹಾಗಾಗಿ ಮಾಸಿಸು ಸಲ್ಲುತ್ತದೆಯೇ, ಇಲ್ಲವಾದರೆ ಅದರ ಜಾಗಕ್ಕೆ ಯಾವುದು, ತಿಳಿದವರು ಹೇಳಬೇಕು. ತೊಡೆಯ ವಿಚಾರದಲ್ಲಿ ನನ್ನ ಅಂಜಿಕೆ ಒಂದೇ. ಕ್ರಿಯಾಪದವಾಗಿ ಅದು ಹೇಗೋ ನಡೆದೀತು. ನಾಮಪದ ಬೇಕಾದಾಗ 'ತೊಡೆತ' ಎಂದು ಬರೆದರೆ, ಓದುಗರು ತೊಡೆಗೆ ಬಿದ್ದ ಹೊಡೆತ ಎಂದುಕೊಳ್ಳುವುದಿಲ್ಲ ತಾನೇ?