ಚಿತ್ರದ ಕೆಳಗೆ ಸಣ್ಣ ಸಂದು, ಏನು ಮಾಡಿದರೂ ಹೋಗುತ್ತಿಲ್ಲ

ಕೋಡುಬಳೆ:
ತಲೆ ಕೆಟ್ಟುಹೋಗಿದೆ. ನನ್ನ ವೆಬ್ ಪುಟದಲ್ಲಿ ಒಂದು ಡಿವ್ (ಡಬ್ಬದಂಥ ಟ್ಯಾಗ್), ಅದರ ಒಳಗೆ ಒಂದೇ ಒಂದು ಚಿತ್ರ ಇದೆ. ಆದರೂ ಅದರ ಕೆಳಗೆ ಐದಾರು ಪಿಕ್ಸೆಲ್ ಖಾಲಿ ಜಾಗ. ಹೊರಗಿನ ಜಾಗ ಮಾರ್ಜಿನ್ ಸೊನ್ನೆ, ಒಳಗಿನ ಜಾಗ ಪ್ಯಾಡಿಂಗ್ ಸೊನ್ನೆ. ಹಳೇ ಪುಟದಲ್ಲಿ ಇದೇ ಕೋಡ್ ಸರಿಯಾಗಿದೆ!

ರೀಸೆಟ್‌ರಾಯ:
ರೀಸೆಟ್ (ಬ್ರೌಸರ್ ತಾನೇ ಕೊಡುವ ಜಾಗಗಳನ್ನು ಅಳಿಸುವ ಫೈಲ್) ಹಾಕಿಲ್ಲ ಅನ್ಸುತ್ತೆ. ಇಡೀ ಪುಟವನ್ನು ಹಿಡಿದಿಡುವ ಬಾಡಿ ಟ್ಯಾಗ್‌ಗೆ ಬ್ರೌಸರ್ ತಾನಾಗಿಯೇ 8 ಪಿಕ್ಸೆಲ್ ಮಾರ್ಜಿನ್ ಕೊಡುತ್ತದೆ.

ಕೋಡುಬಳೆ:
ಹಾಕಿದ್ದೇನೆ ಸಾರ್. ಸೊನ್ನೆ ಅಂತ ಮೇಲೇ ಬರೆದಿದ್ದೇನಲ್ಲ.

ರೀಸೆಟ್‌ರಾಯ:
ಹಾಗಾದ್ರೆ ಫೈಲ್ ಲೋಡ್ ಆಗುತ್ತಿಲ್ಲ. ಕ್ಯಾಶ್ ಅಳಿಸಿ ನೋಡಿ. ನನ್ನ ಎರಡು ಮಾನಿಟರ್, ಮೂರು ಬ್ರೌಸರ್‌ನಲ್ಲಿ ಇಂಥದ್ದು ಬಂದೇ ಇಲ್ಲ.

ಗುಂಡುಪಿನ್:
ರೀಸೆಟ್ ಬಿಡಿ ರಾಯರೇ, ಮಾನಿಟರ್ ಕೇಳಿದವರು ಯಾರು? ಚಿತ್ರ ಇನ್‌ಲೈನ್, ಅಂದ್ರೆ ಸಾಲಿನೊಳಗೇ ಕೂರುವಂಥದ್ದು. ಅಕ್ಷರದ ಹಾಗೆ ಬೇಸ್‌ಲೈನ್ ಮೇಲೆ, ಅಂದ್ರೆ ಅಕ್ಷರಗಳು ನಿಲ್ಲುವ ಗೆರೆಯ ಮೇಲೆ ಕೂರುತ್ತದೆ. ಅದರ ಕೆಳಗೆ ಅಕ್ಷರದ ಬಾಲಕ್ಕೆ, ಒತ್ತಕ್ಷರಕ್ಕೆ ಅಂತ ಜಾಗ ಇರುತ್ತದೆ. ಸಾಲಿನಲ್ಲಿ ಒಂದಕ್ಷರ ಇಲ್ಲದಿದ್ದರೂ ಆ ಜಾಗ ಹೋಗಲ್ಲ. ಎಷ್ಟು ಅನ್ನೋದು ಡಿವ್‌ನ ಫಾಂಟ್, ಲೈನ್ ಹೈಟ್ ಮೇಲೆ. ಚಿತ್ರಕ್ಕೆ ಡಿಸ್‌ಪ್ಲೇ ಬ್ಲಾಕ್ ಕೊಡಿ, ಸಾಲು ಬಿಟ್ಟು ತನ್ನದೇ ಡಬ್ಬವಾಗುತ್ತದೆ. ಇಲ್ಲಾಂದ್ರೆ ವರ್ಟಿಕಲ್ ಅಲೈನ್ ಬಾಟಮ್. ಹಳೇ ಪುಟದಲ್ಲಿ ಡಿವ್‌ಗೆ ಏನು ಕೊಟ್ಟಿದ್ರಿ?

ಸೊನ್ನೆಸುಬ್ಬ:
ಇಷ್ಟೆಲ್ಲ ಯಾಕೆ? ಡಿವ್‌ಗೆ ಫಾಂಟ್ ಸೈಜ್ ಸೊನ್ನೆ. ಮುಗೀತು.

ಗುಂಡುಪಿನ್:
ನಾಳೆ ಅದರೊಳಗೆ ಒಂದು ಸಾಲು ಬರೆದರೆ ಅದೂ ಮಾಯ.

ಸೊನ್ನೆಸುಬ್ಬ:
ಸಾಲಿಗೆ ಬೇರೆ ಸೈಜ್ ಕೊಡೋದು. ಎಷ್ಟೋ ಸೈಟ್ ಹಾಗೇ ಮಾಡಿದ್ದೇನೆ, ಯಾರೂ ಬೈದಿಲ್ಲ.

ಕೋಡುಬಳೆ:
ಹಳೇ ಪುಟದಲ್ಲಿ ಡಿವ್‌ಗೆ ಫ್ಲೆಕ್ಸ್ (ಒಳಗಿನದನ್ನು ಜೋಡಿಸುವ ಒಂದು ವಿಧಾನ) ಇದೆ. ಅದಕ್ಕೂ ಇದಕ್ಕೂ ಏನು ಸಂಬಂಧ?

ಗುಂಡುಪಿನ್:
ಅದೇ ಸಂಬಂಧ! ಫ್ಲೆಕ್ಸ್ ಒಳಗಿನ ನೇರ ಮಕ್ಕಳೆಲ್ಲ ಬ್ಲಾಕ್ ಆಗಿಬಿಡುತ್ತವೆ. ಅಲ್ಲಿ ಬೇಸ್‌ಲೈನ್ ಗೋಳೇ ಇಲ್ಲ. ಇದನ್ನು ಮೊದಲೇ ಹೇಳೋದಲ್ವಾ?

ಬೆಣ್ಣೆದೋಸೆ:
ಮಧ್ಯೆ ಬಾಯಿ ಹಾಕ್ತಿದ್ದೇನೆ. ನನ್ನ ಸ್ಪ್ಯಾನ್‌ಗೆ (ಸಾಲಿನೊಳಗಿನ ತುಣುಕಿಗೆ ಹಾಕುವ ಟ್ಯಾಗ್) ವಿಡ್ತ್ 200 ಪಿಕ್ಸೆಲ್ ಕೊಟ್ಟರೆ ಕೇಳುತ್ತಲೇ ಇಲ್ಲ. ಚಿತ್ರವೂ ಇನ್‌ಲೈನ್ ಅಂದ್ರಿ, ಅದು ಮಾತ್ರ ಕೇಳುತ್ತದಲ್ಲ?

ಗುಂಡುಪಿನ್:
ಚಿತ್ರ ರಿಪ್ಲೇಸ್ಡ್ ಎಲಿಮೆಂಟ್, ಅಂದ್ರೆ ಒಳಗಿನದು ಹೊರಗಿನ ಫೈಲಿಂದ ಬರುವಂಥದ್ದು, ಅದಕ್ಕೆ ವಿನಾಯಿತಿ ಇದೆ. ಸ್ಪ್ಯಾನ್‌ಗೆ ವಿಡ್ತ್, ಹೈಟ್ ಲೆಕ್ಕಕ್ಕಿಲ್ಲ. ಮೇಲೆ-ಕೆಳಗಿನ ಮಾರ್ಜಿನ್ ಕೂಡ. ಎಡ-ಬಲದ್ದು ಮಾತ್ರ ನಡೆಯುತ್ತದೆ. ಪುಟದ ಕೋಡ್ ತೋರಿಸುವ ಫೈರ್‌ಫಾಕ್ಸ್ ಇನ್‌ಸ್ಪೆಕ್ಟರ್ ತೆರೆಯಿರಿ, ಕೆಲಸಕ್ಕೆ ಬಾರದ ಸಾಲನ್ನು ಮಂಕಾಗಿ ತೋರಿಸುತ್ತದೆ. ಸ್ಪ್ಯಾನನ್ನು ಇನ್‌ಲೈನ್-ಬ್ಲಾಕ್ ಮಾಡಿ, ಸಾಲಿನಲ್ಲೇ ಇದ್ದು ವಿಡ್ತ್ ಕೇಳುತ್ತದೆ.

ಬೆಣ್ಣೆದೋಸೆ:
ಮಾಡಿದೆ. ಅಗಲ ಬಂತು. ಈಗ ಎರಡು ಸ್ಪ್ಯಾನ್ ನಡುವೆ ಸಂದು!

ಗುಂಡುಪಿನ್:
ಕೋಡಿನಲ್ಲಿ ಎರಡರ ನಡುವೆ ಎಂಟರ್ ಒತ್ತಿರ್ತೀರಿ. ಅದು ಒಂದು ಸ್ಪೇಸ್ ಆಗಿ ಕಾಣುತ್ತಿದೆ.

ಸೊನ್ನೆಸುಬ್ಬ:
ಫಾಂಟ್ ಸೈಜ್ ಸೊನ್ನೆ ಅಂದಾಗ ಯಾರೋ ಬೈದಿದ್ರು.